ಓದುಗರ ಪ್ರಶ್ನೆ: ಮಂಗಳೂರು ಹಂಪನಕಟ್ಟೆಯ ಹಳೆ ಆಫೀಸು ಕಟ್ಟಡದಲ್ಲಿ ಮನೆ ಮಾಡ್ಬಹುದಾ?

ಪ್ರಶ್ನೆ: ಹಂಪನಕಟ್ಟೆ ಹತ್ರ ಒಂದು ಹಳೆ ಕಮರ್ಷಿಯಲ್ ಕಟ್ಟಡ ಉಂಟು, ಕೆಳಗೆ ಅಂಗಡಿ, ಮೇಲೆ ಆಫೀಸುಗಳು. ಆಫೀಸೆಲ್ಲ ಖಾಲಿ ಬಿದ್ದು ತುಂಬ ಸಮಯ ಆಯ್ತು, ಈಗ ಓನರ್ ಮೇಲಿನ ಮಾಳಿಗೆಗಳನ್ನು ಫ್ಲ್ಯಾಟ್ ಮಾಡಿ ಮಾರ್ತಾರಂತೆ. ರೇಟು ಕದ್ರಿ, ಬಿಜೈಗಿಂತ ಕಡಿಮೆ. ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿಗೂ ಸೆಂಟ್ರಲ್ ಸ್ಟೇಷನ್‌ಗೂ ನಡ್ಕೊಂಡೇ ಹೋಗ್ಬಹುದು. ತಗೊಳ್ಳುವುದಾ ಬೇಡ್ವಾ?
– ಓದುಗರು, ಅತ್ತಾವರ

ಉತ್ತರ: ಜಾಗ ಒಳ್ಳೇದೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನೀವು ಸೈಟ್ ನೋಡ್ಲಿಕ್ಕೆ ಹೋದಾಗ ಅವ್ರು ಲಾಬಿಯ ಗ್ರಾನೈಟ್ ತೋರಿಸ್ತಾರೆ, ಮಾಡ್ಯುಲರ್ ಕಿಚನ್ ತೋರಿಸ್ತಾರೆ, ನೀವು ಅದನ್ನೆಲ್ಲ ಬಿಟ್ಟು ಸೀದಾ ಬಾತ್‌ರೂಮಿಗೆ ಹೋಗಿ. ಆಫೀಸು ಕಟ್ಟಡದಲ್ಲಿ ಟಾಯ್ಲೆಟ್ ಇರುವುದು ಸಾಮಾನ್ಯವಾಗಿ ಮೆಟ್ಟಿಲ ಪಕ್ಕ, ಮಾಳಿಗೆಗೆ ಒಂದೇ ಕಡೆ, ಫ್ಲ್ಯಾಟಿಗೆ ಮಾತ್ರ ಪ್ರತಿ ಮನೆಗೆ ಎರಡೆರಡು ಬಾತ್‌ರೂಮ್, ಒಂದು ಅಡುಗೆ ಕೋಣೆ, ವಾಷಿಂಗ್ ಮೆಷಿನ್‌ಗೆ ಇನ್ನೊಂದು ನೀರಿನ ಪಾಯಿಂಟ್ ಬೇಕು. ಹೊಸ ಅಪಾರ್ಟ್‌ಮೆಂಟಲ್ಲಾದ್ರೆ ಬಾತ್‌ರೂಮ್ ಬರುವಲ್ಲಿ ಸ್ಲ್ಯಾಬನ್ನೇ ತಗ್ಗಿಸಿ ಹಾಕಿರ್ತಾರೆ, ಪೈಪೆಲ್ಲ ಅದರೊಳಗೆ ಹೋಗ್ತದೆ. ಆಫೀಸಿನ ಸ್ಲ್ಯಾಬ್ ಉದ್ದಕ್ಕೂ ಒಂದೇ ಸಮ, ಹಾಗಾಗಿ ಒಂದೋ ಬಾತ್‌ರೂಮಿನ ನೆಲ ಎತ್ತರಿಸಿ ಬಾಗಿಲಲ್ಲಿ ಮೆಟ್ಟಿಲು ಕೊಡ್ಬೇಕು (ಮನೆಯಲ್ಲಿ ಪ್ರಾಯದವರಿದ್ರೆ ಅದೊಂದು ಕಷ್ಟ) ಇಲ್ಲಾಂದ್ರೆ ನಿಮ್ಮ ಪೈಪು ಕೆಳಗಿನವ್ರ ಸೀಲಿಂಗಲ್ಲಿ ನೇತಾಡ್ಬೇಕು. ಫಾಲ್ಸ್ ಸೀಲಿಂಗ್ ಹಾಕಿ ಮುಚ್ಚಿರ್ತಾರೆ, ಲೀಕ್ ಆಗುವ ತನಕ ಯಾರಿಗೂ ಗೊತ್ತಾಗುದಿಲ್ಲ, ಆಮೇಲೆ ರಿಪೇರಿಗೆ ನೀವು ಅವರ ಮನೆಯೊಳಗೆ ಹೋಗ್ಬೇಕು, ಅವ್ರು ದುಬೈಯಲ್ಲಿರ್ತಾರೆ, ಬೀಗ.

ನೀರಿನ ಲೆಕ್ಕ ಕೂಡ ಕೇಳಿ. ನ್ಯಾಷನಲ್ ಬಿಲ್ಡಿಂಗ್ ಕೋಡ್ (ಕಟ್ಟಡಗಳ ರಾಷ್ಟ್ರೀಯ ನಿಯಮಾವಳಿ) ಪ್ರಕಾರ ಆಫೀಸಿಗೆ ತಲೆಗೆ ದಿನಕ್ಕೆ 45 ಲೀಟರ್, ಮನೆಗೆ 135 ಲೀಟರ್. ಒಂದು ಮಾಳಿಗೆಯಲ್ಲಿ 40 ಜನ ಸ್ಟಾಫ್ ಇದ್ದ ಕಾಲಕ್ಕೆ 1,800 ಲೀಟರ್ ಸಾಕಿತ್ತು ಅಂತ ಇಟ್ಕೊಳ್ಳಿ, ಅಲ್ಲೇ ಆರು ಮನೆ ಮಾಡಿ ಮನೆಗೆ ನಾಲ್ಕು ಜನ ಹಿಡಿದ್ರೆ 3,240 ಲೀಟರ್ ಆಯ್ತು, ಅದೂ ಹೆಚ್ಚಿನದು ಬೆಳಿಗ್ಗೆ ಒಂದೇ ಹೊತ್ತಿಗೆ. ಹಳೆ ಸಂಪು, ಟ್ಯಾಂಕಿ, ಡ್ರೈನೇಜ್ ಲೈನ್ ಹಾಗೇ ಬಿಟ್ಟಿದ್ದಾರಾ ಅಥವಾ ದೊಡ್ಡದು ಮಾಡಿದ್ದಾರಾ? ನಮ್ಮ ಊರಿಗೆ ನೀರು ಬರುವುದು ತುಂಬೆ ಡ್ಯಾಮಿನಿಂದ, 2019ರ ಬೇಸಿಗೆಯಲ್ಲಿ ರೇಷನಿಂಗ್ ಆದದ್ದು ಎಲ್ಲರಿಗೂ ನೆನಪುಂಟು. ಹಿತ್ತಿಲಲ್ಲಿ ಬಾವಿ ಇದ್ದವ್ರು ಹೇಗಾದ್ರೂ ಸುಧಾರಿಸ್ತಾರೆ, ಪೇಟೆ ಮಧ್ಯದ ಕಟ್ಟಡಕ್ಕೆ ಟ್ಯಾಂಕರೇ ಗತಿ, ಆ ಸಂದಿಗೆ ಟ್ಯಾಂಕರ್ ಬರ್ತದಾ ಅಂತಲೂ ನೋಡ್ಬೇಕು.

ಇನ್ನು ಗಾಳಿ ಬೆಳಕು. ಆಫೀಸಿನ ಫ್ಲೋರ್ ತುಂಬ ಆಳ ಇರ್ತದೆ, ಮುಂದೆ ಗ್ಲಾಸು, ಎರಡು ಪಕ್ಕ ಬೇರೆ ಕಟ್ಟಡದ ಗೋಡೆ. ನಮ್ಮಂಥ ಸೆಖೆ ಮತ್ತು ತೇವದ ಊರಿಗೆ ಕೋಣೆಯ ನೆಲದ ಆರನೇ ಒಂದು ಭಾಗದಷ್ಟಾದ್ರೂ ಕಿಟಕಿ ಬೇಕು ಅಂತ ನ್ಯಾಷನಲ್ ಬಿಲ್ಡಿಂಗ್ ಕೋಡ್ ಹೇಳ್ತದೆ. ಅಂದ್ರೆ 120 ಚದರಡಿಯ ಬೆಡ್‌ರೂಮಿಗೆ 20 ಚದರಡಿ. ಟೇಪ್ ಹಿಡ್ಕೊಂಡೇ ಹೋಗಿ, ನಾಚಿಕೆ ಎಂತಕ್ಕೆ. ಇಂಗ್ಲೆಂಡಿನಲ್ಲಿ 2013ರಲ್ಲಿ ಆಫೀಸನ್ನು ಮನೆ ಮಾಡ್ಲಿಕ್ಕೆ ಪೂರ್ತಿ ಪ್ಲಾನಿಂಗ್ ಪರ್ಮಿಷನ್ ಬೇಡ ಅಂತ ಸಡಿಲ ಬಿಟ್ರು, ಕಿಟಕಿಯೇ ಇಲ್ಲದ ಫ್ಲ್ಯಾಟುಗಳು ಬಂದು ಗಲಾಟೆಯಾಗಿ 2020ರಲ್ಲಿ ವಾಸದ ಕೋಣೆಗೆ ಹಗಲು ಬೆಳಕು ಕಡ್ಡಾಯ ಅಂತ ರೂಲ್ ತರ್ಬೇಕಾಯ್ತು. ನ್ಯೂಯಾರ್ಕಿನಲ್ಲಿ ದೊಡ್ಡ ಆಫೀಸು ಟವರಿನ ಹೊಟ್ಟೆಯನ್ನೇ ಮೇಲಿಂದ ಕೆಳಗೆ ಕೊರೆದು ಬೆಳಕು ಇಳಿಸಿದ್ದುಂಟು, ಅಷ್ಟು ಖರ್ಚು ನಮ್ಮ ಹಂಪನಕಟ್ಟೆಯ ಓನರ್ ಮಾಡ್ತಾರಾ ಹೇಳಿ. ಇಲ್ಲಿ ಇನ್ನೊಂದು ಸಣ್ಣ ಸಂಗತಿ, ಬಾಲ್ಕನಿ. ಆಫೀಸಿಗೆ ಅದು ಬೇಡ, ಮನೆಗೆ ಜೂನಿನಿಂದ ಸೆಪ್ಟೆಂಬರ್ ತನಕ ಬಟ್ಟೆ ಎಲ್ಲಿ ಒಣಗಿಸುದು? ಬೆಡ್‌ರೂಮಲ್ಲಿ ಹಗ್ಗ ಕಟ್ಟಿ ಫ್ಯಾನ್ ಹಾಕಿದ್ರೆ ಗೋಡೆಗೆ ಬೂಸ್ಟು ಬರ್ತದೆ.

ಕಟ್ಟಡ ಭಾರ ತಡೀತದಾ ಅಂತ ತುಂಬ ಜನ ಕೇಳ್ತಾರೆ. ಅದು ಅಷ್ಟು ಹೆದರುವ ವಿಷಯ ಅಲ್ಲ, ಆಫೀಸಿನ ಸ್ಲ್ಯಾಬನ್ನು ಮನೆಯದ್ದಕ್ಕಿಂತ ಜಾಸ್ತಿ ಲೋಡಿಗೇ ಡಿಸೈನ್ ಮಾಡ್ಬೇಕು ಅಂತ ಉಂಟು. ತೊಂದರೆ ಬರುವುದು ಹೊಸ ಗೋಡೆಯಿಂದ, ಕೆಂಪುಕಲ್ಲಲ್ಲಿ ಪಾರ್ಟಿಷನ್ ಎಬ್ಬಿಸಿದ್ರೆ ಭಾರ ಲೆಕ್ಕ ಮೀರಿ ಹೋಗ್ತದೆ, ಹಗುರದ ಬ್ಲಾಕ್ ಹಾಕಿದ್ದಾರಾ ಕೇಳಿ. ಮತ್ತೆ ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿದು ಸೀಲಿಂಗಿನ ಕಾಂಕ್ರೀಟ್ ಚಕ್ಕೆ ಎದ್ದಿದ್ರೆ ಅದನ್ನು ಪ್ಲಾಸ್ಟರ್ ಮಾಡಿ ಪೈಂಟ್ ಹೊಡೆಯುವ ಮೊದಲು ಟೆಸ್ಟ್ ಆಗಿದೆಯಾ, ರಿಪೋರ್ಟ್ ಉಂಟಾ? ಇಲ್ಲ ಅಂದ್ರೆ ಅಲ್ಲಿಗೇ ಬಿಡಿ.

ಕಾಗದಪತ್ರದಲ್ಲಿ ಮುಖ್ಯ ಒಂದೇ, ಪಾಲಿಕೆಯಿಂದ ವಾಸದ ಬಳಕೆಗೆ ಪ್ಲಾನ್ ಬದಲಾಗಿ ಹೊಸ ಓಸಿ (ಕಟ್ಟಡ ಬಳಸ್ಬಹುದು ಅನ್ನುವ ಆಕ್ಯುಪೆನ್ಸಿ ಸರ್ಟಿಫಿಕೇಟ್) ಬಂದಿರ್ಬೇಕು. ಹಳೆ ಕಮರ್ಷಿಯಲ್ ಓಸಿ ತೋರಿಸಿ "ಎಲ್ಲ ಸರಿ ಉಂಟು" ಅಂದ್ರೆ ನಂಬ್ಬೇಡಿ. ಜಾಗ 500 ಚದರ ಮೀಟರ್ ದಾಟಿ ಎಂಟಕ್ಕಿಂತ ಹೆಚ್ಚು ಫ್ಲ್ಯಾಟ್ ಮಾರುವುದಾದ್ರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು, ಬರೀ ರಿಪೇರಿಗಾದ್ರೆ ಬೇಡ, ಆದ್ರೆ ಹೊಸದಾಗಿ ಮಾರುವಾಗ "ಇದು ಬರೀ ರಿನೊವೇಷನ್" ಅನ್ನುವ ಮಾತು ನಡೆಯುದಿಲ್ಲ.

ಪ್ರಶ್ನೆ: ಇಂಥದೇ ಒಂದು ಕಟ್ಟಡದ ಒಂದನೇ ಮಾಳಿಗೆಯಲ್ಲಿ ನನ್ನ ಟೈಲರ್ ಅಂಗಡಿ, ಬಾಡಿಗೆ. ಫ್ಲ್ಯಾಟ್ ಮಾಡ್ಲಿಕ್ಕುಂಟು, ಖಾಲಿ ಮಾಡಿ ಅಂತ ಬಾಯಿಮಾತಲ್ಲಿ ಹೇಳಿದ್ದಾರೆ. ಕರೆಂಟ್ ಕಟ್ ಮಾಡ್ತೇವೆ ಅಂತಲೂ ಹೇಳ್ತಾರೆ.
– ಓದುಗರು, ರಥಬೀದಿ

ಉತ್ತರ: ಬಾಯಿಮಾತಿಗೆ ನೀವು ಏಳ್ಬೇಕಾಗಿಲ್ಲ. ಅಂಗಡಿ ಅಳತೆ ಮಾಡಿ ಮೊದಲು, 14 ಚದರ ಮೀಟರ್ ಒಳಗಿದ್ರೆ, ಅಂದ್ರೆ ಸುಮಾರು 150 ಚದರಡಿ, 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆಗೆ ನೀವು ಬರ್ತೀರಿ, ಕೋರ್ಟ್ ಆದೇಶ ಇಲ್ಲದೆ ಹೊರಗೆ ಹಾಕ್ಲಿಕ್ಕಾಗುದಿಲ್ಲ. ಅದಕ್ಕಿಂತ ದೊಡ್ಡದಾದ್ರೂ ಲಿಖಿತ ನೋಟಿಸ್ ಕೊಟ್ಟು ಕೋರ್ಟಿನ ಮೂಲಕವೇ ಬರ್ಬೇಕು. ಅಗ್ರಿಮೆಂಟ್, ಬಾಡಿಗೆ ರಶೀದಿ, ಕರೆಂಟ್ ಬಿಲ್ ತಗೊಂಡು ಈ ವಾರವೇ ವಕೀಲರ ಹತ್ರ ಹೋಗಿ, ಬಾಡಿಗೆ ಬ್ಯಾಂಕ್ ಮೂಲಕ ಕಟ್ತಾ ಇರಿ. ಮತ್ತೆ ಜಗಳ ಒಂದೇ ದಾರಿ ಅಲ್ಲ ಮಾರಾಯ್ರೆ, ನೆಲ ಅಂತಸ್ತಿನಲ್ಲಿ ಒಂದು ಸಣ್ಣ ಜಾಗ ಕೇಳಿ ನೋಡಿ. ಮೇಲೆ ಮನೆ ಬಂದ್ರೆ ಬ್ಲೌಸ್ ಹೊಲಿಸ್ಲಿಕ್ಕೆ ಬರುವವ್ರು ಅದೇ ಮೆಟ್ಟಿಲಿಳಿದು ಬರ್ತಾರೆ, ಓನರಿಗೂ ಇದನ್ನು ಹೇಳ್ಬಹುದು.

ಪ್ರಶ್ನೆ: ಪೇಟೆಯೊಳಗೆ ಜನ ವಾಸ ಮಾಡ್ಲಿಕ್ಕೆ ಬಂದ್ರೆ ನಮ್ಮ ಹೋಟೆಲು, ಬ್ಯಾಂಡ್‌ಸೆಟ್, ಮೆರವಣಿಗೆಗೆಲ್ಲ ಕಂಪ್ಲೇಂಟ್ ಶುರು ಆಗುದಿಲ್ವಾ?
– ಹೋಟೆಲ್ ನಡೆಸುವ ಓದುಗರು, ಬಂದರ್

ಉತ್ತರ: ಆಗ್ತದೆ. ಆದ್ರೂ ಜನ ಬರ್ಲಿ ಅಂತಲೇ ನಾನು ಹೇಳುದು. ರಥಬೀದಿ, ಭವಂತಿ ಸ್ಟ್ರೀಟಲ್ಲಿ ಕೆಳಗೆ ಅಂಗಡಿ ಮೇಲೆ ಮನೆ ಅಂತ ಮೊದಲಿಂದ ಇದ್ದದ್ದೇ, ರಾತ್ರಿ ಶಟರ್ ಎಳೆದ ಮೇಲೆ ನಾಯಿ ಬಿಟ್ರೆ ಯಾರೂ ಇಲ್ಲದ ರಸ್ತೆಗಿಂತ ಮೇಲೆ ಲೈಟ್ ಉರಿಯುವ ರಸ್ತೆ ಎಷ್ಟೋ ವಾಸಿ. ನನ್ನ ತಕರಾರು ಇರುವುದು ನೆಲ ಅಂತಸ್ತನ್ನೂ ಅಂಗಡಿ ಎಬ್ಬಿಸಿ ಪಾರ್ಕಿಂಗ್ ಮಾಡುವವರ ಮೇಲೆ, ಆಮೇಲೆ ರಸ್ತೆಗೆ ಬರೀ ಗೇಟು ಮತ್ತು ವಾಚ್‌ಮನ್ ಕಾಣುದು, ಹಾಲಿಗೂ ಆ್ಯಪಲ್ಲಿ ಆರ್ಡರ್.

ಸೌಂಡಿನ ವಿಷಯಕ್ಕೆ ನಿಮಗೆ ಗೊತ್ತಿರ್ಲಿ, 2000ದ ಶಬ್ದಮಾಲಿನ್ಯ ನಿಯಮದಲ್ಲಿ ವಾಣಿಜ್ಯ ವಲಯಕ್ಕೆ ಹಗಲು 65, ರಾತ್ರಿ 55 ಡೆಸಿಬೆಲ್, ವಸತಿ ವಲಯಕ್ಕೆ 55 ಮತ್ತು 45. ನಾಲ್ಕು ಫ್ಲ್ಯಾಟ್ ಬಂದ ಕೂಡಲೇ ಏರಿಯಾ ವಸತಿ ವಲಯ ಆಗಿಬಿಡುದಿಲ್ಲ, ವಲಯ ಬದಲಾಗುವ ತನಕ ನಿಮ್ಮ ಮಿತಿ ಹಳೆಯದೇ. ಆದ್ರೆ ಎಕ್ಸಾಸ್ಟ್ ಪೈಪ್ ಮೇಲಿನವ್ರ ಕಿಟಕಿಗೆ ತಿರುಗಿದ್ರೆ ಈಗಲೇ ಟೆರೇಸಿನ ತನಕ ಏರಿಸಿ, ಮೀನು ಹುರಿದ ಹೊಗೆಗೆ ಡೆಸಿಬೆಲ್ ಲೆಕ್ಕ ನಡೆಯುದಿಲ್ಲ. ಇನ್ನು ದಸರಾ ಶೋಭಾಯಾತ್ರೆ ಕುದ್ರೋಳಿ ದೇವಸ್ಥಾನದಿಂದ ಹೊರಟು ಪೇಟೆ ಸುತ್ತಿ ವಾಪಸ್ ಹೋಗುವಾಗ ಬೆಳಗಾಗಿರ್ತದೆ, ಹುಲಿವೇಷದ ತಾಸೆ ಡೋಲು ರಾತ್ರಿಯಿಡೀ. ಹಂಪನಕಟ್ಟೆಯಲ್ಲಿ ಫ್ಲ್ಯಾಟ್ ಮಾರುವವ್ರು ಇದನ್ನು ಬ್ರೋಷರಲ್ಲೇ ಹಾಕ್ಲಿ, "ರಸ್ತೆ ಬದಿಯ ಮನೆಗೆ ಇಷ್ಟು ಎಕ್ಸ್‌ಟ್ರಾ" ಅಂತ ಹೇಳಿದ್ರೂ ತಗೊಳ್ಳುವವ್ರು ಇದ್ದಾರೆ.