ಮತ ಸಿಕ್ಕಿತು, ಜಮೀನು ಸಿಗಲಿಲ್ಲ

ಪ್ರಶ್ನೆ: ಅಮೆರಿಕದ ಅಂತರ್ಯುದ್ಧದಲ್ಲಿ ಗೆದ್ದ ಉತ್ತರದ ರಾಜ್ಯಗಳು ಕಪ್ಪು ಜನರ ಮತಾಧಿಕಾರವನ್ನು ಮೊದಲಿನಿಂದಲೂ ಬೆಂಬಲಿಸಿದ್ದವೇ? ಮುಂದೆ ಅವರನ್ನು ಕೈಬಿಟ್ಟದ್ದೇಕೆ?

ಉತ್ತರ: ಬೆಂಬಲಿಸಿರಲಿಲ್ಲ. 1865ರಲ್ಲಿ ಕನೆಕ್ಟಿಕಟ್, ವಿಸ್ಕಾನ್ಸಿನ್, ಮಿನ್ನೆಸೋಟ ರಾಜ್ಯಗಳ ಮತದಾರರು ತಮ್ಮಲ್ಲಿಯೇ ಅಂಥ ಪ್ರಸ್ತಾವವನ್ನು ತಿರಸ್ಕರಿಸಿದ್ದರು. 1867ರಲ್ಲಿ ಓಹಾಯೋ ಕೂಡ ಹಾಗೆಯೇ ಮಾಡಿತು. ಉತ್ತರದ ರಾಜಕಾರಣಿಗಳ ನಿಲುವನ್ನು ಬದಲಿಸಿದ್ದು ಆದರ್ಶಕ್ಕಿಂತ ಹೆಚ್ಚಾಗಿ ಸೋತ ದಕ್ಷಿಣದ ರಾಜ್ಯಗಳವರ ಹಟ ಎಂಬುದು ನನ್ನ ಅಭಿಪ್ರಾಯ. 1865ರ ಕೊನೆಯಲ್ಲಿ ದಕ್ಷಿಣದ ಮಿಸಿಸಿಪ್ಪಿ ರಾಜ್ಯ ಮಾಡಿದ ಕಾನೂನುಗಳ ಪ್ರಕಾರ, ಗುಲಾಮಗಿರಿಯಿಂದ ಬಿಡುಗಡೆಗೊಂಡ ಕಪ್ಪು ಜನರು ಪ್ರತಿ ಜನವರಿಯಲ್ಲಿ ತಮಗೆ ಉದ್ಯೋಗವಿದೆ ಎಂಬುದಕ್ಕೆ ಲಿಖಿತ ಪುರಾವೆ ಹೊಂದಿರಬೇಕಿತ್ತು. ಸಕಾರಣವಿಲ್ಲದೆ ಅವಧಿಗೆ ಮುನ್ನ ಕೆಲಸ ಬಿಟ್ಟರೆ ಆ ವರ್ಷ ಅಲ್ಲಿಯವರೆಗೆ ದುಡಿದ ಕೂಲಿಯೂ ಕೈತಪ್ಪುತ್ತಿತ್ತು. ಗುಲಾಮಗಿರಿಯೇ ವೇಷ ಬದಲಿಸಿ ಬಂದಂತೆ ಕಂಡಾಗ, ಕಾಂಗ್ರೆಸ್ (ಇದು ಪಕ್ಷವಲ್ಲ, ಅಲ್ಲಿನ ಸಂಸತ್ತು) 1867ರ ಮಾರ್ಚ್‌ನಲ್ಲಿ ದಕ್ಷಿಣವನ್ನು ಸೇನಾ ಆಡಳಿತಕ್ಕೊಳಪಡಿಸಿ, ಕಪ್ಪು ಪುರುಷರಿಗೆ ಮತಾಧಿಕಾರ ನೀಡುವುದನ್ನು ಒಕ್ಕೂಟದಿಂದ ಸಿಡಿದುಹೋಗಿದ್ದ ಆ ರಾಜ್ಯಗಳು ಮತ್ತೆ ಕಾಂಗ್ರೆಸ್‌ನಲ್ಲಿ ಸ್ಥಾನ ಪಡೆಯಲು ಷರತ್ತಾಗಿಸಿತು. 1870ರಲ್ಲಿ, ಜನಾಂಗದ ಕಾರಣಕ್ಕೆ ಮತಾಧಿಕಾರ ನಿರಾಕರಿಸಬಾರದೆಂಬ ಸಂವಿಧಾನದ 15ನೇ ತಿದ್ದುಪಡಿ ಬಂದಿತು.

ಆದರೆ ಜಮೀನು ಸಿಗಲಿಲ್ಲ. 1865ರ ಜನವರಿಯಲ್ಲಿ ಉತ್ತರದ ಸೇನಾಪತಿ ಜನರಲ್ ಶೆರ್ಮನ್ ಕಪ್ಪು ಜನರಿಗಾಗಿ ಮೀಸಲಿಟ್ಟಿದ್ದ ಕರಾವಳಿ ಭೂಮಿಯ ಬಹುಪಾಲನ್ನು ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಹಳೆಯ ಒಡೆಯರಿಗೇ ಮರಳಿಸಿದರು. ಮತ ಹಾಕುವ ಕೈಯೇ ಒಡೆಯನ ಹೊಲದಲ್ಲಿ ಪಾಲಿಗೆ ದುಡಿದು, ಅಂಗಡಿಯ ಸಾಲಕ್ಕೆ ಬೆಳೆಯನ್ನು ಅಡವಿಡಬೇಕಾಯಿತು. 1873ರ ಆರ್ಥಿಕ ಕುಸಿತದ ನಂತರ ಉತ್ತರದ ಉಳ್ಳವರಿಗೆ ತಮ್ಮೂರಿನ ಕಾರ್ಮಿಕರೇ ಭಯ ಹುಟ್ಟಿಸತೊಡಗಿದರು; ದಕ್ಷಿಣದ ಕಪ್ಪು ಜನರ ಬಗೆಗಿನ ಕಾಳಜಿ ಹಿಂದೆ ಸರಿಯಿತು. 1877ರ ಏಪ್ರಿಲ್‌ನಲ್ಲಿ ದಕ್ಷಿಣದ ಸರ್ಕಾರಗಳ ಕಾವಲಿನಿಂದ ಹಿಂತೆಗೆದ ಒಕ್ಕೂಟದ ಸೇನೆಯನ್ನು, ಅದೇ ಜುಲೈನಲ್ಲಿ ರೈಲ್ವೆ ಮುಷ್ಕರ ಹತ್ತಿಕ್ಕಲು ಬಳಸಲಾಯಿತು.