ಹಸಿವಿನಿಂದ ಇಳಿಯುವ ಕಾಯಿಲೆ ಇದಲ್ಲ

ಕಾರಟಗಿ ಹತ್ತಿರದ ಹಳ್ಳಿಯಿಂದ 31 ವರ್ಷದ ಓದುಗರೊಬ್ಬರು ಬರೆದ ಪತ್ರದ ಸಾರ ಹೀಗಿದೆ: ‘ಹಲವು ವರ್ಷಗಳಿಂದ ಮೇಲುಹೊಟ್ಟೆಯಲ್ಲಿ ನೋವು ಬಂದು ಹೋಗುತ್ತಿತ್ತು. ಗ್ಯಾಸ್ ಎಂದುಕೊಂಡು ಮಾತ್ರೆ ನುಂಗುತ್ತಿದ್ದೆ. ಈಚೆಗೆ ತೂಕ ಇಳಿಯಿತು. ಬಳ್ಳಾರಿಯಲ್ಲಿ ಸ್ಕ್ಯಾನ್ ಮಾಡಿಸಿದಾಗ ಮೇದೋಜೀರಕ ಗ್ರಂಥಿಯಲ್ಲಿ ಹರಳುಗಳಿವೆ, ಸಕ್ಕರೆ ಕಾಯಿಲೆ ಬಂದಿರುವುದೂ ಅದರಿಂದಲೇ ಎಂದರು. ಇನ್ಸುಲಿನ್ ಜೊತೆಗೆ ಊಟದ ಹೊತ್ತಿಗೆ ನುಂಗುವ ಕ್ಯಾಪ್ಸುಲ್ ಬರೆದುಕೊಟ್ಟಿದ್ದಾರೆ. ನಮ್ಮ ಸಂಬಂಧಿಕರೊಬ್ಬರು, “ಸೂಜಿ ಒಮ್ಮೆ ಹಿಡಿದ್ರ ಸಾಯೋತನಕ ಬಿಡಂಗಿಲ್ಲ, ಅನ್ನ, ರೊಟ್ಟಿ, ಎಣ್ಣಿ ಬಿಡು, ತಾನಾಗೇ ಇಳೀತದ” ಎನ್ನುತ್ತಾರೆ. ಅವರ ಮಾತು ಕೇಳಿ ರಾತ್ರಿ ಊಟ ಬಿಟ್ಟಿದ್ದೇನೆ, ಇನ್ಸುಲಿನ್ ಅರ್ಧಕ್ಕೆ ಇಳಿಸಿದ್ದೇನೆ. ಕುಡಿಯುವವರಿಗೆ ಬರುವ ಬ್ಯಾನಿ ನಿನಗೆ ಹೇಗೆ ಬಂತು ಎಂದು ಕೇಳುವವರಿಗೆ ಏನು ಹೇಳಲಿ? ಹುಲಿಗೆಮ್ಮನಿಗೆ ಹೊತ್ತ ಉಪವಾಸದ ಹರಕೆ ತೀರಿಸಬಹುದೇ?’

ಸೋದರಿ,

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಳವಳಕ್ಕೆ ಈಡುಮಾಡಿದ್ದು ಕಾಯಿಲೆಯ ಹೆಸರಲ್ಲ. ಈಗಾಗಲೇ ತೂಕ ಕಳೆದುಕೊಂಡಿರುವ ನೀವು ರಾತ್ರಿ ಊಟ ಬಿಟ್ಟಿದ್ದೀರಿ ಎಂಬ ಆ ಒಂದು ಸಾಲು. ಔಷಧಿ ಬರೆದುಕೊಟ್ಟ ವೈದ್ಯರನ್ನು ಒಂದು ಮಾತೂ ಕೇಳದೆ ಇನ್ಸುಲಿನ್ ಅರ್ಧಕ್ಕೆ ಇಳಿಸಿದ್ದು ಸರಿಯಲ್ಲ. ಈ ಸಂಚಿಕೆ ಕೈಸೇರಿದ ದಿನವೇ ಅವರಿಗೆ ಫೋನ್ ಮಾಡಿ, ಊಟ ಬಿಟ್ಟಿರುವುದನ್ನೂ ಸೇರಿಸಿ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿ. ಊಟವನ್ನೂ ಡೋಸನ್ನೂ ಒಟ್ಟಿಗೇ ಸರಿಪಡಿಸಬೇಕಾಗುತ್ತದೆ.

ನಿಮ್ಮ ಸಂಬಂಧಿಕರ ಮಾತಿನಲ್ಲಿ ಸತ್ಯವೇ ಇಲ್ಲವೆಂದು ನಾನು ಹೇಳುವುದಿಲ್ಲ. ತುಂಗಭದ್ರೆಯ ಕಾಲುವೆ ಬಂದ ಮೇಲೆ ನಮ್ಮ ಸೀಮೆಯ ತಟ್ಟೆಯಲ್ಲಿ ಜೋಳ ಹಿಂದೆ ಸರಿದು ಸೋನಾಮಸೂರಿ ಮುಂದೆ ಬಂದಿದೆ, ನಡಿಗೆ ಕಡಿಮೆಯಾಗಿದೆ. ನಡುವಯಸ್ಸಿನಲ್ಲಿ ಬೊಜ್ಜಿನ ಜೊತೆ ಬರುವ ಸಕ್ಕರೆ ಕಾಯಿಲೆಯಲ್ಲಿ ಅನ್ನ ಕಡಿಮೆ ಮಾಡಿ, ತೂಕ ಇಳಿಸಿ, ಮಾತ್ರೆಗಳನ್ನೂ ಕಡಿಮೆ ಮಾಡಿಕೊಂಡವರು ಇದ್ದಾರೆ. ಆದರೆ ಆ ಉಪದೇಶ ಸಲ್ಲುವುದು ಅವರಿಗೆ. ನಿಮ್ಮದು ಬೇರೆ ಕಾಯಿಲೆ.

ಮೇದೋಜೀರಕ ಗ್ರಂಥಿಗೆ ಎರಡು ಕೆಲಸಗಳಿವೆ. ಕೊಬ್ಬು, ಹಿಟ್ಟು, ಬೇಳೆಯನ್ನು ಅರಗಿಸುವ ರಸವನ್ನು ಕರುಳಿಗೆ ಸುರಿಸುವುದು ಒಂದು. ರಕ್ತಕ್ಕೆ ಇನ್ಸುಲಿನ್ ಬಿಡುವುದು ಇನ್ನೊಂದು. ಹರಳು ಕಟ್ಟಿ, ಉರಿಯೂತದಿಂದ ಗ್ರಂಥಿ ಸೊರಗಿದಾಗ ಎರಡೂ ನಿಲ್ಲುತ್ತ ಬರುತ್ತವೆ. ಉಂಡದ್ದು ಅರಗದೆ ಎಣ್ಣೆಯಂತೆ ಜಾರುವ, ನೀರಿನಲ್ಲಿ ತೇಲುವ ಮಲವಾಗಿ ಹೋಗುತ್ತದೆ. ಅರಗಿದ ಅಷ್ಟಿಷ್ಟು ಸಕ್ಕರೆಯನ್ನು ಮೈ ಬಳಸಿಕೊಳ್ಳಲು ಇನ್ಸುಲಿನ್ ಸಾಲುವುದಿಲ್ಲ. ಹೀಗೆ ಎರಡು ಕಡೆಯಿಂದಲೂ ಹಸಿದಿರುವ ದೇಹಕ್ಕೆ ಮೂರನೆಯ ಹಸಿವನ್ನು ಪಥ್ಯವೆಂದು ಕೊಡುವುದು ಎಲ್ಲಿಯ ನ್ಯಾಯ?

ಹಸಿವನ್ನೇ ಔಷಧಿಯಾಗಿ ಕೊಟ್ಟ ಕಾಲವೊಂದಿತ್ತು. 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ಎಂಬ ವಿಜ್ಞಾನಿಗಳು ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಮಧುಮೇಹ ಬಂತು. ಕಾಯಿಲೆಗೂ ಈ ಗ್ರಂಥಿಗೂ ಇರುವ ನಂಟು ಆಗ ಖಚಿತವಾಯಿತು. ಆದರೂ ಇನ್ಸುಲಿನ್ ಸಿಗಲು ಇನ್ನೂ ಮೂರು ದಶಕಗಳು ಹಿಡಿದವು. ಈ ನಡುವೆ ಅಮೆರಿಕದ ವೈದ್ಯ ಫ್ರೆಡರಿಕ್ ಅಲೆನ್ ಮಕ್ಕಳಿಗೆ ಅರೆಹೊಟ್ಟೆಯ ಚಿಕಿತ್ಸೆ ನಡೆಸಿದರು, ಏಕೆಂದರೆ ಆಗ ಬೇರೆ ದಾರಿಯೇ ಇರಲಿಲ್ಲ. ಅವರ ಬಳಿ ಚಿಕಿತ್ಸೆ ಪಡೆಯುತ್ತಿದ್ದ ಎಲಿಜಬೆತ್ ಹ್ಯೂಸ್ ಎಂಬ ಹುಡುಗಿ ಅಮೆರಿಕದ ವಿದೇಶಾಂಗ ಸಚಿವರ ಮಗಳು. 1922ರ ಆಗಸ್ಟಿನಲ್ಲಿ, ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಟೊರಾಂಟೊದ ಬ್ಯಾಂಟಿಂಗ್ ಅವರ ಬಳಿ ಬರುವ ಹೊತ್ತಿಗೆ ಹದಿನೈದರ ಅಂಚಿನಲ್ಲಿದ್ದ ಅವಳ ತೂಕ ಸುಮಾರು 20 ಕಿಲೋ ಮಾತ್ರ. ಇನ್ಸುಲಿನ್ ಚುಚ್ಚಿ ಹೊಟ್ಟೆ ತುಂಬ ಊಟ ಕೊಟ್ಟರು. ಅವಳು ಮೈದುಂಬಿಕೊಂಡಳು, ಓದಿದಳು, ಮದುವೆಯಾದಳು, ಮೂವರು ಮಕ್ಕಳ ತಾಯಿಯಾದಳು, 1981ರವರೆಗೆ ಬದುಕಿದಳು. ಸೂಜಿ ‘ಸಾಯೋತನಕ’ ಬಿಡಲಿಲ್ಲ, ನಿಜ. ಆ ಸಾವು ಸುಮಾರು ಆರು ದಶಕಗಳಷ್ಟು ದೂರ ಹೋಯಿತಲ್ಲ! ಈ ಕಥೆಯನ್ನು ನಿಮ್ಮ ಸಂಬಂಧಿಕರಿಗೆ ದಯವಿಟ್ಟು ಓದಿ ಹೇಳಿ.

ಕುಡಿತದ ಮಾತಿಗೆ ಬರುತ್ತೇನೆ. ಹೆಂಡ, ಸಾರಾಯಿ, ಸಿಗರೇಟು ಈ ಗ್ರಂಥಿಯನ್ನು ಕೆಡಿಸುತ್ತವೆ, ಸಂಶಯವಿಲ್ಲ. ಆದರೆ ಒಂದು ಹನಿಯನ್ನೂ ಮುಟ್ಟದ ಹರೆಯದವರಲ್ಲಿ ಗ್ರಂಥಿಯಲ್ಲಿ ಹರಳು ಕಟ್ಟಿ ಮಧುಮೇಹ ಬರುವುದನ್ನು 1959ರಲ್ಲಿ ಇಂಡೋನೇಷ್ಯಾದಲ್ಲಿ ಜೈಡೆಮಾ ಎಂಬ ವೈದ್ಯರು ವರದಿ ಮಾಡಿದರು, ಕೇರಳದಲ್ಲಿ ಡಾ. ಗೀವರ್ಗೀಸ್ ಅಂಥ ರೋಗಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಕಂಡು ದಾಖಲಿಸಿದರು. ಮರಗೆಣಸು ತಿನ್ನುವುದರಿಂದ ಬರುತ್ತದೆಂದು ಬಹುಕಾಲ ಶಂಕಿಸಿದರು, ಅದು ಸಾಬೀತಾಗಲಿಲ್ಲ. ಮರಗೆಣಸನ್ನೇ ಕಾಣದ ಕಡೆಯೂ ಈ ಕಾಯಿಲೆ ಸಿಕ್ಕಿತು. ಈಚಿನ ದಶಕಗಳಲ್ಲಿ ಸ್ಪಿಂಕ್-1 ಮೊದಲಾದ ಜೀನುಗಳ ದೋಷವೂ ಇದರಲ್ಲಿ ಪಾಲುಗಾರ ಎಂದು ಗೊತ್ತಾಗಿದೆ. ಪಿತ್ತಕೋಶದ ಕಲ್ಲು ಮತ್ತು ರಕ್ತದಲ್ಲಿ ಮಿತಿಮೀರಿದ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಕೂಡ ಈ ಗ್ರಂಥಿಗೆ ಉರಿಯೂತ ತರಬಲ್ಲವು. ಕೇಳಿದವರಿಗೆ ಇಷ್ಟನ್ನು ಹೇಳಿ, ತಲೆಯೆತ್ತಿ ಹೇಳಿ. ಹೊಟ್ಟೆ ಹಿಡಿದುಕೊಂಡು ಕುಳಿತ ಹೆಣ್ಣುಮಗಳ ನಡತೆಯನ್ನು ವಿಚಾರಣೆಗೆ ಒಡ್ಡುವ ಊರಿನ ಬಾಯಿಗೆ ನೀವು ಋಣಿಯಲ್ಲ.

ಕ್ಯಾಪ್ಸುಲ್ ವಿಷಯವನ್ನು ನೀವು ಅರ್ಧ ವಾಕ್ಯದಲ್ಲಿ ಮುಗಿಸಿದ್ದೀರಿ, ಆದರೆ ಅದು ಇನ್ಸುಲಿನ್ನಿನಷ್ಟೇ ಮುಖ್ಯ. ನಿಮ್ಮ ಗ್ರಂಥಿ ಸುರಿಸಲಾರದ ಅರಗಿಸುವ ರಸ ಅದರಲ್ಲಿದೆ. ಮೇಲೆ ಅಚ್ಚಾಗಿರುವ 10,000 ಅಥವಾ 25,000 ಎಂಬ ಅಂಕಿ ಕೊಬ್ಬನ್ನು ಅರಗಿಸುವ ಲೈಪೇಸಿನ ಯೂನಿಟ್‌ಗಳದು. ಊಟಕ್ಕೆ ಅರ್ಧ ಗಂಟೆ ಮೊದಲೋ ಕೈ ತೊಳೆದ ಮೇಲೋ ನುಂಗಿದರೆ ಪ್ರಯೋಜನವಿಲ್ಲ. ಮೊದಲ ತುತ್ತಿನ ಜೊತೆ ತೆಗೆದುಕೊಳ್ಳಬೇಕು, ಒಂದಕ್ಕಿಂತ ಹೆಚ್ಚು ಬರೆದಿದ್ದರೆ ಉಳಿದದ್ದನ್ನು ಊಟದ ನಡುವೆ. ಒಳಗಿನ ಕಾಳುಗಳನ್ನು ಅಗಿಯಬಾರದು. ಇದು ಹಂದಿಯ ಗ್ರಂಥಿಯಿಂದ ತಯಾರಾಗುವ ಔಷಧಿ ಎಂದು ತಿಳಿದು ಸದ್ದಿಲ್ಲದೆ ಬಿಟ್ಟುಬಿಡುವವರಿದ್ದಾರೆ. ಅಂಥ ಅಳುಕಿದ್ದರೆ ವೈದ್ಯರ ಮುಂದೆಯೂ ನೀವು ನಂಬುವ ಗುರುಗಳ ಮುಂದೆಯೂ ಬಾಯಿಬಿಟ್ಟು ಹೇಳಿ. ಜೀವ ಉಳಿಸುವ ಔಷಧಿಗೆ ಧರ್ಮ ಅಡ್ಡ ಬಂದದ್ದನ್ನು ನಾನು ಕಂಡಿಲ್ಲ. ಇನ್ನೊಂದು ಸಂಗತಿ: ಕ್ಯಾಪ್ಸುಲ್ ಕೆಲಸ ಮಾಡತೊಡಗಿದಾಗ ಊಟ ಮೈಗೆ ಹತ್ತುತ್ತದೆ, ಆಗ ರಕ್ತದ ಸಕ್ಕರೆ ಏರಬಹುದು. ಅದು ಹಿನ್ನಡೆಯಲ್ಲ, ಇನ್ಸುಲಿನ್ ಪ್ರಮಾಣವನ್ನು ಮತ್ತೆ ಹೊಂದಿಸಬೇಕೆಂಬ ಸೂಚನೆ.

ಹಾಗಾಗಿ ಉಣ್ಣಿ. ಜೋಳದ ರೊಟ್ಟಿ, ಪುಂಡಿಪಲ್ಯ, ಬೇಳೆ, ಮೊಸರು, ಒಂದಿಷ್ಟು ಶೇಂಗಾ ಹಿಂಡಿ, ಅಭ್ಯಾಸವಿದ್ದರೆ ಮೊಟ್ಟೆ ಎಲ್ಲವೂ ಇರಲಿ. ಒಮ್ಮೆಗೇ ಹೇರಿಕೊಳ್ಳದೆ ಸ್ವಲ್ಪಸ್ವಲ್ಪವಾಗಿ ಹಲವು ಸಲ ಊಟ ಮಾಡಿ. ಕ್ಯಾಪ್ಸುಲ್ ನುಂಗುವವರು ಎಣ್ಣೆಯನ್ನು ಪೂರ್ತಿ ಬಿಡಬೇಕೆಂಬ ಹಳೆಯ ಕಟ್ಟುಪಾಡನ್ನು ಈಗಿನ ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಸಕ್ಕರೆ ಹಾಕಿದ ಚಹಾ, ತಂಪುಪಾನೀಯ, ಸಿಹಿ ತಿಂಡಿಗಳನ್ನು ಮಾತ್ರ ದೂರವಿಡಿ. ಕೊಬ್ಬು ಅರಗದವರಲ್ಲಿ ಎ, ಡಿ, ಇ, ಕೆ ವಿಟಮಿನ್‌ಗಳು ಕೊರತೆಯಾಗಿ ಎಲುಬು ಸವೆಯುತ್ತದೆ. ಅದನ್ನೂ ಪರೀಕ್ಷೆ ಮಾಡಿಸಿ. ಕಣ್ಣು ಮತ್ತು ಮೂತ್ರಪಿಂಡದ ತಪಾಸಣೆ ವರ್ಷಕ್ಕೊಮ್ಮೆ ಆಗಲೇಬೇಕು. ಇನ್ನು ಮುಂದೆ ಕಾರಣವಿಲ್ಲದೆ ತೂಕ ಇಳಿದರೆ, ನೋವು ಬೆನ್ನಿಗೆ ಹರಿದು ಬಿಡದೆ ಕಾಡಿದರೆ, ಕಣ್ಣು ಹಳದಿಯಾದರೆ ತಡಮಾಡಬೇಡಿ. ಈ ಗ್ರಂಥಿಯ ಹಳೆಯ ಉರಿಯೂತವಿರುವವರಲ್ಲಿ ಕ್ಯಾನ್ಸರ್ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಹೆದರಿಸಲು ಹೇಳುತ್ತಿಲ್ಲ, ನಿಮ್ಮಿಂದ ಅದನ್ನು ಬಚ್ಚಿಡುವುದು ತಪ್ಪಾಗುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ, ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದು. ಬಳಸದ ಇನ್ಸುಲಿನ್ ಬಾಟಲಿ ಫ್ರಿಜ್ಜಿನ ಬಾಗಿಲಿನಲ್ಲಿರಲಿ, ಮಂಜುಗಟ್ಟುವ ಖಾನೆಯಲ್ಲಿ ಬೇಡ. ಫ್ರಿಜ್ ಇಲ್ಲದಿದ್ದರೆ ನೀರು ಹಾಕಿದ ದೊಡ್ಡ ಮಣ್ಣಿನ ಗಡಿಗೆಯಲ್ಲಿ ಸಣ್ಣ ಗಡಿಗೆಯಿಟ್ಟು, ಅದರೊಳಗೆ ಒದ್ದೆಯಾಗದಂತೆ ಇಡಬಹುದು.

ಇದನ್ನೆಲ್ಲ ಒಂದು ಪತ್ರಿಕೆಯ ಸಂಪಾದಕ ನಿಮಗೆ ಹೇಳಬೇಕಾಗಿ ಬಂದದ್ದು ನನ್ನ ನಿಜವಾದ ದುಃಖ. ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆದು, ‘ಶುಗರ್ ಬಂದಿದೆ, ಸೂಜಿ ತಗೋಬೇಕು’ ಎಂದಷ್ಟೇ ಹೇಳಿ ಮುಂದಿನ ರೋಗಿಯನ್ನು ಕರೆದರೆ, ಉಳಿದದ್ದನ್ನು ಸಂಬಂಧಿಕರೇ ತುಂಬುತ್ತಾರೆ. ವೈದ್ಯರನ್ನಷ್ಟೇ ದೂರುವುದೂ ಅನ್ಯಾಯ, ಅವರ ಬಾಗಿಲಲ್ಲಿ ನೂರು ಜನ ನಿಂತಿರುತ್ತಾರೆ. ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371-ಜೆ ವಿಧಿ ಜಾರಿಗೆ ಬಂದದ್ದು 2013ರಲ್ಲಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರರಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಆದರೂ ಈ ಗ್ರಂಥಿಯನ್ನು ಬಲ್ಲ ತಜ್ಞರಿಗಾಗಿ ನಮ್ಮ ಜನ ಇಂದಿಗೂ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೋ ಹೈದರಾಬಾದಿಗೋ ಹೋಗುತ್ತಾರೆ. ರಾಯಚೂರಿನವರು ಏಮ್ಸ್ ಬೇಕೆಂದು 2022ರಲ್ಲಿ ಧರಣಿ ಕುಳಿತದ್ದನ್ನು ರಾಜಕೀಯ ಎಂದವರು ನಿಮ್ಮಂಥವರ ಪತ್ರಗಳನ್ನು ಓದಬೇಕು. ಗ್ಯಾಸ್ ಎಂದು ಮಾತ್ರೆ ನುಂಗುತ್ತ ಕಳೆದ ನಿಮ್ಮ ಅಷ್ಟು ವರ್ಷಗಳಿಗೆ ಉತ್ತರ ಹೇಳುವವರು ಯಾರು?

ಕೊನೆಯದು, ಹರಕೆ. ನಿಮ್ಮ ಕಾಯಿಲೆಯಲ್ಲಿ ಇನ್ಸುಲಿನ್ ಒಂದೇ ಅಲ್ಲ, ಇಳಿದ ಸಕ್ಕರೆಯನ್ನು ಮೇಲೆತ್ತುವ ಗ್ಲುಕಗಾನ್ ಎಂಬ ರಸವೂ ಕಡಿಮೆಯಾಗಿರುತ್ತದೆ. ಆದ್ದರಿಂದ ಇನ್ಸುಲಿನ್ ಚುಚ್ಚಿಕೊಂಡು ಉಪವಾಸವಿದ್ದರೆ ಸಕ್ಕರೆ ತಟ್ಟನೆ ಕುಸಿಯಬಹುದು. ಮೈ ಬೆವರಿ, ಕೈ ನಡುಗಿ, ಕಣ್ಣು ಮಂಜಾದರೆ, ಅಥವಾ ಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಮನೆಯವರಿಗೂ ತಿಳಿಸಿರಿ. ಹುಲಿಗಿಗೆ ಅವಶ್ಯವಾಗಿ ಹೋಗಿ ಬನ್ನಿ, ಆದರೆ ಉಪವಾಸ ಬೇಡ. ಬುತ್ತಿಯನ್ನೂ ಕ್ಯಾಪ್ಸುಲನ್ನೂ ಜೊತೆಗೆ ಒಯ್ಯಿರಿ, ತಾಯಿಗೆ ನೈವೇದ್ಯ ಅರ್ಪಿಸಿ, ಊಟದ ಹೊತ್ತಿಗೆ ಅಲ್ಲಿಯೇ ಕುಳಿತು ಊಟ ಮಾಡಿ.