ಹತ್ತೊಂಬತ್ತು ಅಂದಿದ್ದಾಳೆ, ಅಷ್ಟು ಸಾಲದೇ?

ಕುಮಟಾ ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಅವರಿಗೆ 24, ಕಾರವಾರದಲ್ಲಿ ಕೆಲಸ. ಇನ್‌ಸ್ಟಾಗ್ರಾಂನಲ್ಲಿ ಪರಿಚಯವಾದ ಶಿರಸಿ ಕಡೆಯ ಹುಡುಗಿಯ ಜೊತೆ ಕೆಲವು ತಿಂಗಳಿಂದ ಮಾತು, ಈಗ ಪ್ರೀತಿ. ವಯಸ್ಸು 19 ಎಂದಿದ್ದಾಳೆ. ಮೊನ್ನೆ ಮಾತಿನ ಮಧ್ಯೆ ‘ಪ್ರಿಪರೇಟರಿ ಮುಗೀಲಿ, ಆಮೇಲೆ ಗೋಕರ್ಣಕ್ಕೆ ಹೋಗೋಣ’ ಅಂದಳಂತೆ. ಇವರು ಅನುಮಾನಪಟ್ಟದ್ದಕ್ಕೆ ಆಧಾರ್ ಕಾರ್ಡಿನ ಫೋಟೊ ಕಳಿಸಿದ್ದಾಳೆ. ‘ಇಷ್ಟು ಸಾಕಲ್ಲವೇ? ನಾಳೆ ಏನಾದರೂ ಆದರೆ ನನಗೆ ಗೊತ್ತಿರಲಿಲ್ಲ ಎನ್ನಬಹುದಲ್ಲವೇ?’ ಎಂದು ಕೇಳಿದ್ದಾರೆ.

ಸಾಲದು. ಗೊತ್ತಿರಲಿಲ್ಲ ಎಂದು ಹೇಳಬಹುದು, ಆದರೆ ಆ ಮಾತನ್ನು ನಂಬಿ ಮುಂದೆ ಹೆಜ್ಜೆ ಇಡಬೇಡಿ.

ಮೊದಲು ಆ ‘ಪ್ರಿಪರೇಟರಿ’ಯನ್ನೇ ನೋಡಿ. ಎಸ್ಸೆಸ್ಸೆಲ್ಸಿ, ಪಿಯುಸಿಯವರಿಗೆ ಮುಖ್ಯ ಪರೀಕ್ಷೆಗೆ ಮುಂಚೆ ನಡೆಯುವ ಪೂರ್ವಸಿದ್ಧತಾ ಪರೀಕ್ಷೆ ಅದು. ಆರರ ಆಸುಪಾಸಿನಲ್ಲಿ ಒಂದನೇ ಕ್ಲಾಸಿಗೆ ಸೇರಿದ ಮಗು ಎಸ್ಸೆಸ್ಸೆಲ್ಸಿ ಮುಗಿಸುವಾಗ 16ರ ಹತ್ತಿರ ಇರುತ್ತದೆ, ಸೆಕೆಂಡ್ ಪಿಯುಸಿ ಪರೀಕ್ಷೆ ಬರೆಯುವಾಗ 18ರ ಹತ್ತಿರ. ಬೇಗ ಸೇರಿದ್ದರೆ ಇನ್ನೂ ಕಡಿಮೆ. ಡಿಗ್ರಿ ಮೊದಲ ವರ್ಷದಲ್ಲೂ 17 ತುಂಬಿ 18 ಆಗದವರು ಇರುತ್ತಾರೆ. ಪ್ರೊಫೈಲಿನಲ್ಲಿರುವ ಹುಟ್ಟಿದ ದಿನಾಂಕ ಅವರವರೇ ಟೈಪ್ ಮಾಡಿದ್ದು, ಅದಕ್ಕೆ ಬೆಲೆಯಿಲ್ಲ.

ಆಧಾರ್ ಫೋಟೊವನ್ನು ಎಡಿಟ್ ಮಾಡುವುದು ಮೊಬೈಲಿನಲ್ಲೇ ಆಗುವ ಕೆಲಸ. ಅಸಲಿ ಕಾರ್ಡೇ ಆದರೂ ಅದು ಜನ್ಮದಿನಾಂಕದ ಪುರಾವೆಯಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಹೇಳಿದೆ. ಪ್ರಕರಣವಾದಾಗ ವಯಸ್ಸು ತೀರ್ಮಾನಿಸಲು ಬಾಲನ್ಯಾಯ ಕಾಯ್ದೆಯ 94ನೇ ಕಲಮಿನ ಪ್ರಕಾರ ಮೊದಲು ಶಾಲೆಯ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಪುರಸಭೆ, ಪಂಚಾಯತದ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಹಾಗೆಂದು ಇವನ್ನೆಲ್ಲ ಅವಳಿಂದ ತರಿಸಿಕೊಳ್ಳಲು ಹೊರಡಬೇಡಿ. ಅಪ್ರಾಪ್ತೆಯೇ ಆಗಿದ್ದರೆ ಅದು ಇನ್ನೊಂದು ಒತ್ತಡ.

ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೋ ಕಾಯ್ದೆಗೆ 18 ತುಂಬದ ಎಲ್ಲರೂ ಮಕ್ಕಳೇ, ಹುಡುಗ ಹುಡುಗಿ ಎಂಬ ಭೇದವಿಲ್ಲ. ಅವಳ ಒಪ್ಪಿಗೆಗೆ ಅಲ್ಲಿ ಲೆಕ್ಕವಿಲ್ಲ. ಲೈಂಗಿಕ ಉದ್ದೇಶದಿಂದ ಮತ್ತೆ ಮತ್ತೆ ಮೆಸೇಜ್ ಮಾಡುವುದಕ್ಕೇ ಮೂರು ವರ್ಷದವರೆಗೆ ಶಿಕ್ಷೆ. ದೈಹಿಕ ಸಂಬಂಧವಾದರೆ ಕನಿಷ್ಠ ಹತ್ತು ವರ್ಷ, ಅವಳು 16ಕ್ಕಿಂತ ಕೆಳಗಿದ್ದರೆ ಕನಿಷ್ಠ ಇಪ್ಪತ್ತು. ದುರುದ್ದೇಶ ಇತ್ತೆಂದೇ 30ನೇ ಕಲಮು ಭಾವಿಸುತ್ತದೆ. ಇರಲಿಲ್ಲವೆಂದು ಸಂಶಯಾತೀತವಾಗಿ ಸಾಬೀತು ಮಾಡುವ ಹೊಣೆ ಆರೋಪಿಯದು. ಪ್ರಿಪರೇಟರಿ ಎಂಬ ಆ ಚಾಟ್ ನಿಮ್ಮ ಫೋನಿನಲ್ಲೇ ಇರುವಾಗ ಅದನ್ನು ಹೇಗೆ ಸಾಬೀತು ಮಾಡುತ್ತೀರಿ? ಒಪ್ಪಿಗೆಯ ವಯಸ್ಸನ್ನು 16ಕ್ಕೆ ಇಳಿಸುತ್ತಾರಂತೆ ಎಂಬ ಮಾತು ಆಗಾಗ ಕೇಳುತ್ತದೆ. ಇಳಿಸುವುದು ಬೇಡವೆಂದು ಕಾನೂನು ಆಯೋಗ 2023ರಲ್ಲೇ ವರದಿ ಕೊಟ್ಟಿದೆ.

ಗೋಕರ್ಣದ ಪ್ಲ್ಯಾನ್ ಇವತ್ತೇ ಕೈಬಿಡಿ. ಅಪ್ಪ ಅಮ್ಮನ ಒಪ್ಪಿಗೆಯಿಲ್ಲದೆ ಅಪ್ರಾಪ್ತೆಯನ್ನು ಬೈಕಿನಲ್ಲಿ ಕರೆದೊಯ್ದರೆ, ಅವಳೇ ಬಯಸಿ ಬಂದಿದ್ದರೂ, ಅಪಹರಣದ ಕೇಸು ಬೀಳಬಹುದು. ಅದಕ್ಕೆ ಏಳು ವರ್ಷದವರೆಗೆ ಶಿಕ್ಷೆ. ಮಾಜಾಳಿ ದಾಟಿ ಗೋವಾಕ್ಕೆ ಹೋದರೂ ಕಾನೂನು ಇದೇ.

ಫೋಟೊಗಳ ವಿಷಯ ಇನ್ನೂ ಗಂಭೀರ. ಅವಳಿಂದ ಅಶ್ಲೀಲ ಚಿತ್ರ ಕೇಳಲೇಬೇಡಿ. ವಾಟ್ಸಾಪಿನಲ್ಲಿ ಆಟೊ ಡೌನ್‌ಲೋಡ್ ಆನ್ ಇದ್ದರೆ ಬಂದ ಚಿತ್ರ ನೀವು ತೆರೆಯುವ ಮೊದಲೇ ಗ್ಯಾಲರಿ ಸೇರಬಹುದು, ಬ್ಯಾಕಪ್ ಇದ್ದರೆ ಗೂಗಲ್ ಫೋಟೊಸ್‌ಗೂ ಹೋಗಬಹುದು. ಎರಡನ್ನೂ ಈಗಲೇ ಆಫ್ ಮಾಡಿ. ಮಕ್ಕಳ ಅಶ್ಲೀಲ ಚಿತ್ರ ನೋಡಿ, ಇಟ್ಟುಕೊಂಡು, ಅಳಿಸದೆ ತಿಳಿಸದೆ ಇರುವುದೂ ಅಪರಾಧವಾಗಬಲ್ಲದು ಎಂದು 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈಗಾಗಲೇ ಏನಾದರೂ ಬಂದಿದ್ದರೆ ಅದೇ ದಿನ ವಕೀಲರನ್ನು ಖುದ್ದಾಗಿ ಕಾಣಿ. ಚಿತ್ರವನ್ನು ಅವರಿಗೂ ಫಾರ್ವರ್ಡ್ ಮಾಡಬೇಡಿ, ಗೆಳೆಯರಿಗೆ ತೋರಿಸಲೂಬೇಡಿ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ ವಿಚಾರಿಸಿ.

ಅವಳಿಗೆ ಒಂದೇ ಮೆಸೇಜ್ ಬರೆಯಿರಿ: ‘ನಿನಗೆ 18 ತುಂಬಿದೆಯೋ ಇಲ್ಲವೋ ನನಗೆ ಖಾತ್ರಿಯಿಲ್ಲ. ಈ ಥರದ ಮಾತು, ಫೋಟೊ, ಭೇಟಿ ಯಾವುದೂ ಇನ್ನು ಬೇಡ. ನಿನ್ನದೇನೂ ತಪ್ಪಿಲ್ಲ.’ ಆಮೇಲೆ ನಿಲ್ಲಿಸಿ. 18 ಆಗುವ ತನಕ ಹೀಗೇ ಮಾತಾಡುತ್ತಿರೋಣ ಎಂಬ ದಾರಿ ಬೇಡವೇ ಬೇಡ. ಪ್ರೀತಿಯ ಮಾತು ಒಂದು ರಾತ್ರಿಯಲ್ಲಿ ಗೆರೆ ದಾಟುತ್ತದೆ, ದಾಟಿದ ಮೇಲೆ ಹೆಚ್ಚು ನೋಯುವವಳು ಅವಳೇ.

ಮುಂದೆ ಯಾರಾದರೂ ಫೋನ್ ಮಾಡಿ ‘ನಾನು ಅವಳ ಅಪ್ಪ, ಅವಳಿಗೆ 16, ದುಡ್ಡು ಹಾಕು, ಇಲ್ಲಾಂದ್ರೆ ಕೇಸು’ ಎಂದರೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಹುಡುಗಿಯ ಹೆಸರಿನಲ್ಲಿ ಖಾತೆ ತೆರೆದು ಹೀಗೆ ಸುಲಿಯುವವರಿದ್ದಾರೆ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ. ಬೆದರಿಕೆಯ ಮೆಸೇಜ್, ನಂಬರ್, ಯುಪಿಐ ಐಡಿ, ಪ್ರೊಫೈಲ್ ಲಿಂಕ್ ಉಳಿಸಿಕೊಂಡು ಕಾರವಾರದ ಸಿಇಎನ್ (ಸೈಬರ್ ಅಪರಾಧ) ಪೊಲೀಸ್ ಠಾಣೆಗೆ ಹೋಗಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮನೆಯಲ್ಲಿ ಅವಳಿಗೆ ಹಿಂಸೆ ಇದೆ, ಅಥವಾ ಬೇರೆ ಯಾರೋ ಅವಳನ್ನು ಪೀಡಿಸುತ್ತಿದ್ದಾರೆ ಎಂದು ಮಾತಿನಲ್ಲಿ ತಿಳಿದಿದ್ದರೆ ಸುಮ್ಮನಿರಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. ಆ ನಂಬರನ್ನು ಅವಳಿಗೂ ಕೊಡಿ, ದಿನದ 24 ಗಂಟೆಯೂ ಎತ್ತುತ್ತಾರೆ. ನಿಮಗೇ ತಡೆಯಲಾರದಷ್ಟು ಸಂಕಟವಾದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸದ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.